ಪೊಲೀಸ್ ಇಲ್ಲ, ದಂಡ ಇಲ್ಲ, ಬರೀ "ಮನೇಲಿರಿ" ಅಂದ್ರೆ ಶಿಕಾಗೊ ಜನ ಕೇಳಿದ್ರಾ?

2020ರ ಚಳಿಗಾಲದಲ್ಲಿ ಕೋವಿಡ್ ಜೋರಾದಾಗ ಶಿಕಾಗೊ ಸಿಟಿಯವರು ಮನೇಲೇ ಇರಿ ಅಂತ ಜನರಿಗೆ ಹೇಳಿದ್ರಂತೆ, ಆದ್ರೆ ಅದು ಬರೀ ಸಲಹೆ ಅಂತೆ, ಅಂಥದ್ದನ್ನ ಯಾರಾದ್ರೂ ಕೇಳಿದ್ರಾ, ಅದ್ರಿಂದ ಏನಾದ್ರೂ ಪ್ರಯೋಜನ ಆಯ್ತಾ ಅಂತ ಕೇಳಿದೀರ. ಆಗ ನಾವಿದ್ದಿದ್ದು ಶಿಕಾಗೊದ ಉತ್ತರ ಭಾಗದಲ್ಲಿ, ಡೆವನ್ ಅವೆನ್ಯೂ ಹತ್ರ, ಅದೇ ನಮ್ಮೋರ ಅಂಗಡಿಗಳೆಲ್ಲ ಸಾಲಾಗಿರೋ ರಸ್ತೆ. ಊರಿಂದ ಬಂದು ವಾಪಸ್ ಹೋಗಕ್ಕಾಗದೆ ಉಳ್ಕೊಂಡಿದ್ದ ಅತ್ತೆ ಮಾವ ಕೂಡ ಜೊತೆಗಿದ್ರು, ಇಬ್ರಿಗೂ ಶುಗರ್ ಬೇರೆ, ಹಾಗಾಗಿ ಇದ್ರ ಬಗ್ಗೆ ಆಗ ತಲೆ ಕೆಡಿಸ್ಕೊಂಡಷ್ಟು ಬೇರೆ ಯಾವುದ್ರ ಬಗ್ಗೇನೂ ಕೆಡಿಸ್ಕೊಂಡಿಲ್ಲ. ನನ್ನ ಪ್ರಕಾರ ಕೇಳಕ್ಕೆ ಅನುಕೂಲ ಇದ್ದೋರು ಮುಕ್ಕಾಲು ಪಾಲು ಕೇಳಿದ್ರು, ಅನುಕೂಲ ಇಲ್ದೋರಿಗೆ ಅದು ತಲುಪಲೇ ಇಲ್ಲ, ಮತ್ತೆ ಅದ್ರಿಂದ ಆದ ದೊಡ್ಡ ಉಪಯೋಗ ಏನಂದ್ರೆ ಹಬ್ಬಕ್ಕೆ ಕರೆದೋರಿಗೆ "ಬರಲ್ಲ" ಅನ್ನಕ್ಕೆ ಒಂದು ಮರ್ಯಾದಸ್ಥ ನೆಪ ಸಿಕ್ತು. ತಮಾಷೆಗೆ ಹೇಳ್ತಿಲ್ಲ.

ಮೊದ್ಲು ಏನಾಯ್ತು ಅಂತ ಹೇಳಿಬಿಡ್ತೀನಿ. ಮಾರ್ಚ್ 2020ರಲ್ಲಿ, ಶಿಕಾಗೊ ಇರೋ ಇಲಿನಾಯ್ ರಾಜ್ಯದ ಗವರ್ನರ್ ಪ್ರಿಟ್ಸ್ಕರ್ ಹೊರಡಿಸಿದ್ದು ನಿಜವಾದ ಆದೇಶ, ಕಾನೂನು ಬಲ ಇದ್ದಿದ್ದು. ಆಗ ಮೇಯರ್ ಲೋರಿ ಲೈಟ್‌ಫುಟ್ ಮಿಶಿಗನ್ ಕೆರೆ ದಂಡೆಯನ್ನೇ ಮುಚ್ಚಿಸಿಬಿಟ್ಟಿದ್ರು, ವಾಕಿಂಗ್ ಹೋಗೋ ಹಾಗೂ ಇರ್ಲಿಲ್ಲ. ನವೆಂಬರಿಂದು ಬೇರೆ ಥರ. ನವೆಂಬರ್ 12, ಗುರುವಾರ ಮೇಯರ್ ಘೋಷಣೆ ಮಾಡಿದ್ರು, 16ನೇ ತಾರೀಕು ಸೋಮವಾರ ಬೆಳಿಗ್ಗೆ 6 ಗಂಟೆಯಿಂದ 30 ದಿನ ಜಾರಿ ಅಂತ. ಕೆಲಸ, ಸ್ಕೂಲು, ಡಾಕ್ಟರು, ದಿನಸಿ, ಔಷಧಿ, ಇಷ್ಟಕ್ಕೆ ಬಿಟ್ಟು ಹೊರಗೆ ಬರಬೇಡಿ, ಮನೆಗೆ ಯಾರನ್ನೂ ಕರೀಬೇಡಿ, ಥ್ಯಾಂಕ್ಸ್‌ಗಿವಿಂಗ್ (ಇಲ್ಲಿಯೋರು ನವೆಂಬರ್ ಕೊನೇಲಿ ಮನೆಯವರೆಲ್ಲ ಸೇರಿ ಮಾಡೋ ಹಬ್ಬ) ಊಟ ಕ್ಯಾನ್ಸಲ್ ಮಾಡಿ, ಊರು ಬಿಟ್ಟು ಹೋಗ್ಬೇಡಿ. ಸೇರೋದಕ್ಕೆ 10 ಜನರ ಮಿತಿ ಹಾಕಿದ್ರು, ಒಳಗಾದ್ರೂ ಸರಿ ಹೊರಗಾದ್ರೂ ಸರಿ. ಟೆಸ್ಟ್ ಮಾಡಿಸಿದ ಪ್ರತಿ 100ರಲ್ಲಿ 14 ಪಾಸಿಟಿವ್ ಬರ್ತಿತ್ತು ಆಗ, ಅಕ್ಟೋಬರ್ ಶುರುವಲ್ಲಿ ಅದು 5ರ ಆಸುಪಾಸಲ್ಲಿತ್ತು. ಹಿಂಗೇ ಬಿಟ್ರೆ ವರ್ಷ ಮುಗಿಯೋದ್ರೊಳಗೆ ಇನ್ನೂ 1,000 ಜನ ಸಾಯ್ತಾರೆ ಅಂತ ಸಿಟಿಯವರು ಬಾಯಿ ಬಿಟ್ಟೇ ಹೇಳಿದ್ರು. ಮಾರನೇ ದಿನ, 13ಕ್ಕೆ, ಇಡೀ ರಾಜ್ಯದಲ್ಲಿ ಒಂದೇ ದಿನ 15,415 ಕೇಸು.

ಈಗ ದಿನಾಂಕ ನೋಡಿ. ಆ ವರ್ಷ ದೀಪಾವಳಿ ಬಂದಿದ್ದು ನವೆಂಬರ್ 14, ಶನಿವಾರ. ಬಲಿಪಾಡ್ಯಮಿ 16. ಅಂದ್ರೆ ಇವರ "ಯಾರನ್ನೂ ಮನೆಗೆ ಕರೀಬೇಡಿ" ಜಾರಿಗೆ ಬಂದಿದ್ದು ಪಾಡ್ಯದ ದಿನಾನೇ! ಇಲ್ಲಿರೋ ನಮ್ಮೋರಿಗೆ ಹಬ್ಬ ಅಂದ್ರೆ ವಾರಾಂತ್ಯದಲ್ಲೇ ಆಗ್ಬೇಕು, ಅಪರೂಪಕ್ಕೆ ಶನಿವಾರಾನೇ ಬಂದಿದೆ, ಎಂಟ್ಹತ್ತು ತಿಂಗಳಿಂದ ಒಬ್ಬರ ಮುಖ ಒಬ್ರು ನೋಡಿಲ್ಲ, ಮಕ್ಕಳಿಗೆ ಸುರ್‌ಸುರ್‌ ಬತ್ತಿ ತಂದಿಟ್ಟಾಗಿದೆ. ನೇಪರ್‌ವಿಲ್‌ನಲ್ಲಿರೋ ಅಕ್ಕ ಒಬ್ರು ಪ್ರತಿ ವರ್ಷ ಪಾಟ್‌ಲಕ್ ಇಡ್ತಾರೆ, ಒಬ್ಬಟ್ಟು ಅವ್ರದ್ದು, ಉಳಿದಿದ್ದು ಹಂಚ್ಕೊಂಡು. ಆ ವರ್ಷಾನೂ ಮೆಸೇಜ್ ಹಾಕಿದ್ರು, "ಗೊತ್ತಿರೋ ಐದು ಮನೆಯವರು ಅಷ್ಟೇ, ಎಲ್ರೂ ಹುಷಾರಾಗೇ ಇದೀವಲ್ಲ, ಬನ್ನಿ" ಅಂತ. ಈ "ಗೊತ್ತಿರೋ ಮನೆಯವರು" ಅನ್ನೋದೇ ಆಗ ಇಡೀ ಸಮಸ್ಯೆ ಆಗಿದ್ದಿದ್ದು. ಸಿಟಿಯ ಆರೋಗ್ಯ ಕಮಿಷನರ್ ಡಾ. ಆಲಿಸನ್ ಅರ್ವಾಡಿ ತಿಂಗಳುಗಟ್ಟಲೆ ಹೇಳ್ತಾ ಇದ್ದಿದ್ದು ಅದನ್ನೇ, ಅಂಗಡೀಲಿ ಮಾಸ್ಕ್ ಹಾಕ್ಕೋತೀರ, ನೆಂಟರ ಮನೆ ಬಾಗಿಲು ದಾಟಿದ ತಕ್ಷಣ ತೆಗೆದಿಡ್ತೀರ ಅಂತ. ಅಪರಿಚಿತರ ಹತ್ರ ದೂರ ನಿಲ್ಲೋದು ಸುಲಭ, ಒಬ್ಬಟ್ಟು ಬಡಿಸ್ತಿರೋ ಅಕ್ಕನ ಮುಂದೆ ಮಾಸ್ಕ್ ಹಾಕ್ಕೊಂಡು ಹೆಂಗ್ರೀ ಕೂತ್ಕೊಳ್ಳೋದು?

ನೇಪರ್‌ವಿಲ್ ಶಿಕಾಗೊ ಸಿಟಿಗೆ ಸೇರಲ್ಲ, ಮೇಯರ್ ಮಾತು ಅವರ ಮನೆಗೆ ಅನ್ವಯ ಆಗ್ತಿರ್ಲಿಲ್ಲ, ಶನಿವಾರಕ್ಕಂತೂ ಇನ್ನೂ ಜಾರಿಗೇ ಬಂದಿರ್ಲಿಲ್ಲ. ಆದ್ರೂ ನಾನು ಫೋನ್ ಮಾಡಿ "ಅಕ್ಕ, ನಮ್ ಸಿಟೀಲಿ ಹಿಂಗೆ ಹೇಳ್ಬಿಟ್ಟಿದ್ದಾರೆ, ಅತ್ತೆ ಮಾವ ಬೇರೆ ಇದ್ದಾರೆ" ಅಂದೆ. ಅವರು ಒಂದು ಕ್ಷಣಾನೂ ಬೇಜಾರು ಮಾಡ್ಕೊಳ್ಲಿಲ್ಲ, "ಹೌದಾ, ಹಂಗಾದ್ರೆ ಬೇಡ ಬಿಡಿ" ಅಂದ್ರು, ಸಂಜೆ ನೋಡಿದ್ರೆ ಇಡೀ ಪಾಟ್‌ಲಕ್ಕೇ ಕ್ಯಾನ್ಸಲ್ ಅಂತ ಗ್ರೂಪಲ್ಲಿ ಹಾಕಿದ್ರು. ಆಮೇಲೆ ಗೊತ್ತಾಗಿದ್ದು, ಅವರಿಗೂ ಒಳಗೊಳಗೆ ಭಯ ಇತ್ತು, ಮೊದ್ಲು ಯಾರಾದ್ರೂ ಬೇಡ ಅನ್ನಲಿ ಅಂತ ಕಾಯ್ತಿದ್ರು. ನಾನೇ ಆಗಿ "ಭಯ ಆಗತ್ತೆ, ಬರಲ್ಲ" ಅಂದಿದ್ರೆ ಅದು ನಾನು ಅವರ ಮನೇನ ಅನುಮಾನಿಸಿದ ಹಾಗೆ ಆಗ್ತಿತ್ತು. ಮೇಯರ್ ಹೇಳಿದ್ದಾರೆ ಅಂದಾಗ ಯಾರ ಮೇಲೂ ತಪ್ಪಿಲ್ಲ. ಪೊಲೀಸ್ ಲಾಠಿ ಮಾಡೋ ಕೆಲಸ ಒಂದು, ಇದು ಮಾಡಿದ ಕೆಲಸ ಇನ್ನೊಂದು. ಮೈಸೂರಲ್ಲಿರೋ ನಮ್ಮಮ್ಮಂಗೆ ಇದನ್ನ ವಿವರಿಸೋಕೆ ಹೋಗಿ ಸೋತೆ, "ಹಿಡಿಯೋರಿಲ್ಲ ಅಂದ್ಮೇಲೆ ಅದೇನು ಲಾಕ್‌ಡೌನು" ಅಂತ ನಕ್ಕುಬಿಟ್ರು. ನಮ್ಮೂರಲ್ಲಿ ಏಪ್ರಿಲಲ್ಲಿ ಬ್ಯಾರಿಕೇಡು, ಗಾಡಿ ಸೀಜು ಎಲ್ಲ ನೋಡಿದ್ದವರು ಅವರು.

ಇನ್ನೊಂದು ಕಡೆ ನೋಡಿ. ನಾನು ಲ್ಯಾಪ್‌ಟಾಪ್ ತಕ್ಕೊಂಡು ಬೆಡ್‌ರೂಮಲ್ಲಿ ಕೂತ್ರೆ ಸಂಬಳ ಬರತ್ತೆ. ನಮ್ಮ ಕೆಳಗಿನ ಮನೆಯವರು ಟ್ಯಾಕ್ಸಿ ಓಡಿಸ್ತಿದ್ರು. ಡೆವನ್‌ ಅಂಗಡೀಲಿ ಅಕ್ಕಿ ಮೂಟೆ ಇಳಿಸೋ ಹುಡುಗರು, ಗೋಡೌನಲ್ಲಿ ಪ್ಯಾಕಿಂಗ್ ಮಾಡೋರು, ನರ್ಸುಗಳು, ಇವರಿಗೆಲ್ಲ ಈ ಸಲಹೆಯಲ್ಲಿ "ಕೆಲಸಕ್ಕೆ ಹೋಗಬಹುದು" ಅನ್ನೋ ಒಂದೇ ಸಾಲು ಅನ್ವಯ. ಕೇಸು ಜಾಸ್ತಿ ಇದ್ದಿದ್ದೂ ಅಂಥೋರು ಇರೋ ಕಡೆಯೇ, ಲಿಟಲ್ ವಿಲೇಜು, ಬೆಲ್ಮಾಂಟ್ ಕ್ರಾಗಿನ್ ಥರದ, ಮೆಕ್ಸಿಕೊ ಕಡೆಯಿಂದ ಬಂದ ಕುಟುಂಬಗಳು ಜಾಸ್ತಿ ಇರೋ ಏರಿಯಾಗಳು, ಒಂದೇ ಮನೇಲಿ ಅಜ್ಜಿ ತಾತ ಮೊಮ್ಮಕ್ಕಳು ಎಲ್ಲ. ಅಲ್ಲಿ ಒಬ್ರು ಫ್ಯಾಕ್ಟರಿಯಿಂದ ತಂದ್ರೆ ಮನೇಲಿರಿ ಅನ್ನೋದ್ರಿಂದ ಏನಾಗತ್ತೆ ಹೇಳಿ, ಮನೇಲೇ ಹರಡತ್ತೆ. ಈ ವಿಷ್ಯದಲ್ಲಿ ನನಗೆ ಸಿಟಿ ಮೇಲೆ ಸಿಟ್ಟಿದೆ, ಸಲಹೆ ಕೊಡೋಕೆ ಖರ್ಚಿಲ್ಲ, ರಜೆ ಹಾಕಿದ ದಿನದ ಕೂಲಿ ಕೊಡೋಕೆ ಖರ್ಚಿದೆ. ಮೇಯರ್ ಮೇಲೂ ಜನ ಬೈದ್ರು, ಯಾಕಂದ್ರೆ ಬೈಡನ್ ಅಧ್ಯಕ್ಷ ಚುನಾವಣೆ ಗೆದ್ರು ಅಂತ ಸುದ್ದಿ ಬಂದ ದಿನ, ನವೆಂಬರ್ 7ಕ್ಕೆ, ಬೀದೀಲಿ ಕುಣೀತಿದ್ದ ಗುಂಪಿಗೆ ಮೈಕ್ ಹಿಡಿದು ಮಾತಾಡಿದ್ದೂ ಇವರೇ, ಐದೇ ದಿನಕ್ಕೆ ಮನೇಲಿರಿ ಅಂದಿದ್ದೂ ಇವರೇ. ಮಾಸ್ಕ್ ಹಾಕಿದ್ರು ಅನ್ನಿ, ಆದ್ರೂ ಕಣ್ಣಿಗೆ ಚುಚ್ಚತ್ತಲ್ವಾ.

ಹವಾಮಾನದ್ದು ಬೇರೇನೇ ಕಥೆ. ಆ ನವೆಂಬರ್ ಮೊದಲ ವಾರ ಶಿಕಾಗೊದಲ್ಲಿ ವಿಚಿತ್ರ ಬಿಸಿಲು, ಸತತವಾಗಿ 70 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 21 ಸೆಲ್ಸಿಯಸ್) ಮೇಲೆ, ಎಲ್ರೂ ಕೆರೆ ದಂಡೇಲಿ. ಅದು ಮುಗಿದ ಮೇಲೆ ಹೊರಗಡೆ ಅನ್ನೋದೇ ಇಲ್ಲ. ಬೇಸಿಗೇಲಿ ಸ್ನೇಹಿತರನ್ನ ನೋಡ್ಬೇಕಂದ್ರೆ ಪಾರ್ಕಲ್ಲಿ ದೂರ ದೂರ ಚಾಪೆ ಹಾಕ್ಕೊಂಡು ಕೂತ್ಕೋತಿದ್ವಿ, ಡಿಸೆಂಬರಲ್ಲಿ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಸೂರ್ಯ ಮುಳುಗಿ ಆಮೇಲೆ ಉಸಿರು ಹೊಗೆಯಾಗೋ ಚಳಿ, ಎಲ್ಲಿ ಕೂರ್ತೀರ? ಹೋಟೆಲಿನೋರಿಗೆ ಒಳಗೆ ಊಟ ಹಾಕೋದು ಅಕ್ಟೋಬರ್ 30ರಿಂದಾನೇ ಬಂದ್ ಆಗಿತ್ತು, ಚಳೀಲಿ ಹೊರಗೆ ಕೂತು ತಿನ್ನೋಕೆ ಐಡಿಯಾ ಕೊಡಿ ಅಂತ ಸಿಟಿ ಅದಕ್ಕೂ ಮುಂಚೆ ಒಂದು ಸ್ಪರ್ಧೆ ಬೇರೆ ಮಾಡಿತ್ತು, ಗೆದ್ದ ಐಡಿಯಾಗಳಲ್ಲಿ ಒಂದು ಜಪಾನಿನವರ ಥರ ಕೆಳಗಿಂದ ಬಿಸಿ ಬರೋ ಟೇಬಲ್ಲು. ನಾನು ತಿಂದಿಲ್ಲ ಅಂಥ ಟೇಬಲ್ಲಲ್ಲಿ, ಮಾವನಿಗೆ ಹೇಳಿದ್ರೆ "ನಮ್ಮೂರಲ್ಲಿ ಬಚ್ಚಲೊಲೆ ಮುಂದೆ ಕೂತು ತಿಂದಂಗೆ" ಅಂದ್ರು. ಅತ್ತೆಗೆ ಮಾತ್ರ ಆ ತಿಂಗಳು ತುಂಬಾ ಕಷ್ಟ ಆಯ್ತು, ಬೇಸಿಗೇಲಿ ಡೆವನ್‌ವರೆಗೂ ನಡೆದು ಕೊತ್ತಂಬರಿ ಸೊಪ್ಪು ತರೋದೇ ಅವರ ಲೋಕ ಆಗಿತ್ತು, ಅದೂ ನಿಂತು ಕಿಟಕಿ ಹತ್ರ ಕೂತು ಬಸ್ ಎಣಿಸ್ತಿದ್ರು. ಕೇಳಿದ್ರಾ ಅಂತ ಕೇಳೋರು ಕೇಳಿದೋರ ಪಾಡನ್ನೂ ಕೇಳಬೇಕು.

ಪ್ರಯೋಜನ ಆಯ್ತಾ? ಇಲ್ಲಿ ಸ್ವಲ್ಪ ಹುಷಾರಾಗಿ ಹೇಳ್ಬೇಕು. ರಾಜ್ಯದ ಕೇಸುಗಳ ಗ್ರಾಫ್ ನವೆಂಬರ್ ಮಧ್ಯದಲ್ಲೇ ತಿರುಗ್ತು, ಅಂದ್ರೆ ಸಲಹೆ ಜಾರಿಯಾದ ಹೆಚ್ಚುಕಮ್ಮಿ ಅದೇ ವಾರ. ಸೋಂಕು ತಗುಲಿ, ಜ್ವರ ಬಂದು, ಟೆಸ್ಟ್ ಮಾಡಿಸಿ, ರಿಪೋರ್ಟ್ ಬರೋಕೆ ವಾರ ಹತ್ತು ದಿನ ಬೇಕು, ಹಾಗಾಗಿ ಸೋಮವಾರ ಹೇಳಿದ್ದಕ್ಕೆ ಅದೇ ವಾರ ಕೇಸು ಇಳೀತು ಅಂದ್ರೆ ಲೆಕ್ಕ ಕೂಡಲ್ಲ. ಒಂದಷ್ಟು ಜನ ಅದಕ್ಕೂ ಮುಂಚೇನೇ ಹೆದರಿ ಹುಷಾರಾಗಿದ್ರು ಅನ್ಸತ್ತೆ, ಹೋಟೆಲ್ ಒಳಗಿನ ಊಟ ನಿಂತು ಎರಡು ವಾರ ಆಗಿತ್ತು. ನನಗನ್ನಿಸೋದು, ಈ ಸಲಹೆಯ ಅಸಲಿ ಕೆಲಸ ಕೇಸು ಇಳಿಸಿದ್ದಲ್ಲ, ನವೆಂಬರ್ 26ರ ಥ್ಯಾಂಕ್ಸ್‌ಗಿವಿಂಗಿಗೆ ಮತ್ತೆ ಏರದ ಹಾಗೆ ಒಂದಷ್ಟು ತಡೆದಿದ್ದು. ಆಗ ರಾಜ್ಯದ ಆಸ್ಪತ್ರೆಗಳಲ್ಲಿ 6,000ಕ್ಕಿಂತ ಹೆಚ್ಚು ಕೋವಿಡ್ ರೋಗಿಗಳಿದ್ರು, ಅದ್ರ ಮೇಲೆ ಹಬ್ಬದ ಅಲೆ ಬಿದ್ದಿದ್ರೆ ದೇವರೇ ಗತಿ. ಹಾಗಂತ ದೇಶ ಪೂರ್ತಿ ಮನೇಲಿ ಕೂತಿತ್ತು ಅಂದ್ಕೋಬೇಡಿ, ಹಬ್ಬ ಮುಗಿಸಿ ವಾಪಸ್ ಬರೋ ಆ ಭಾನುವಾರ ಒಂದೇ ದಿನ ಅಮೆರಿಕದ ಏರ್‌ಪೋರ್ಟುಗಳಲ್ಲಿ 11 ಲಕ್ಷಕ್ಕೂ ಜಾಸ್ತಿ ಜನ ಚೆಕಿಂಗ್ ದಾಟಿದ್ರು, ಮಾರ್ಚಿಂದ ಅಷ್ಟು ಜನ ಯಾವತ್ತೂ ಇರ್ಲಿಲ್ಲ.

30 ದಿನ ಅಂದಿದ್ದು ಜನವರಿವರೆಗೂ ಎಳೀತು. ಡಿಸೆಂಬರ್ 15ಕ್ಕೆ ಶಿಕಾಗೊದಲ್ಲಿ ಮೊದಲ ಲಸಿಕೆ ಹಾಕಿದ್ರು, ಲೊರೆಟ್ಟೊ ಆಸ್ಪತ್ರೇಲಿ. ಜನವರಿ 23ಕ್ಕೆ ಹೋಟೆಲ್ ಒಳಗೆ ಸ್ವಲ್ಪ ಸ್ವಲ್ಪ ಜನರನ್ನ ಬಿಡೋಕೆ ಶುರು ಮಾಡಿದ್ರು, ಅಷ್ಟೊತ್ತಿಗೆ ನಿಜ ಹೇಳ್ಬೇಕಂದ್ರೆ ಸಲಹೆ ಇದೆ ಅನ್ನೋದೇ ಅರ್ಧ ಜನಕ್ಕೆ ಮರೆತುಹೋಗಿತ್ತು. ಸಲಹೆಗೆ ಆಯಸ್ಸು ಕಮ್ಮಿ, ಮೊದಲ ಎರಡು ಮೂರು ವಾರ ಜೋರು, ಆಮೇಲೆ ಪೇಪರಲ್ಲಿ ಮಾತ್ರ.

ಮತ್ತೆ ಬಂದ್ರೆ ಮತ್ತೆ ಹಿಂಗೇ ಹೇಳ್ತಾರಾ ಅಂತ ಪ್ರಶ್ನೆ ಕೆಳಗೆ ಇನ್ನೊಬ್ರು ಕೇಳಿದ್ದಾರೆ. ಮುಂದಿನ ಚಳಿಗಾಲದಲ್ಲೇ ಅದರ ಉತ್ತರ ಸಿಕ್ತು. ಒಮೈಕ್ರಾನ್ ಬಂದಾಗ ಕೇಸು 2020ಕ್ಕಿಂತ ಎಷ್ಟೋ ಮೇಲೆ ಹೋಯ್ತು, ಆದ್ರೆ ಯಾರೂ ಮನೇಲಿರಿ ಅನ್ಲಿಲ್ಲ, 2022ರ ಜನವರಿ 3ರಿಂದ ಹೋಟೆಲಿಗೆ, ಜಿಮ್ಮಿಗೆ ಹೋಗ್ಬೇಕಂದ್ರೆ ಲಸಿಕೆ ಕಾರ್ಡ್ ತೋರಿಸಿ ಅಂದ್ರು ಅಷ್ಟೇ. ಅದೇ ಜನವರೀಲಿ ಕರ್ನಾಟಕದಲ್ಲಿ ವಾರಾಂತ್ಯದ ಕರ್ಫ್ಯೂ ಹಾಕಿ ಎರಡು ವಾರಕ್ಕೆ ತೆಗೆದ್ರು, ಅತ್ತೆ ಮಾವ ಅಷ್ಟೊತ್ತಿಗೆ ಊರು ಸೇರಿದ್ರು, ಫೋನಲ್ಲಿ ಅತ್ತೆ ಹೇಳಿದ್ದು, "ಇಲ್ಲಿ ಪೊಲೀಸ್ ಇದ್ರೂ ಪಕ್ಕದ ಮನೆಯವರು ಬಂದು ಕಾಫಿ ಕುಡಿದು ಹೋದ್ರು."