ಮುಸುಕಿನ ಜೋಳದ ಸೈಲೇಜ್ ಚೀಲದೊಳಗೆ ಏನು ನಡೆಯುತ್ತದೆ?

ಕುಶಾಲನಗರದ ಹತ್ತಿರ ಸೈಲೇಜ್ ಮಾಡಲು, ಅಂದರೆ ಹಸಿ ಮೇವನ್ನು ಗಾಳಿಯಾಡದಂತೆ ಕಟ್ಟಿ ಹುಳಿ ಬರಿಸಿ ಕಾಪಿಡಲು, ಮುಸುಕಿನ ಜೋಳ ಕತ್ತರಿಸಿ ಚೀಲಕ್ಕೆ ತುಂಬಿ ಮೂರು ದಿನ ಆಯ್ತು, ಬಿಚ್ಚಿ ನೋಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಚ್ಚಬೇಡಿ, ಮುಖ್ಯ ಕೆಲಸ ಈಗಲೇ ನಡೆಯುತ್ತಿರುತ್ತದೆ.

ತುಂಬಿದ ಮೊದಲ ಕೆಲವು ಗಂಟೆ ಒಳಗೆ ಉಳಿದ ಗಾಳಿಯನ್ನು ಹಸಿ ಎಲೆ, ಯೀಸ್ಟ್, ಬೂಸ್ಟು ಎಲ್ಲ ಸೇರಿ ಮುಗಿಸುತ್ತವೆ, ಅದಕ್ಕೇ ಚೀಲ ಬೆಚ್ಚಗಾಗೋದು. ಗಾಳಿ ಮುಗಿದ ಮೇಲೆ ಎಂಟೆರೋಬ್ಯಾಕ್ಟೀರಿಯಾ ಅನ್ನೋ ಬೇಡದ ಬ್ಯಾಕ್ಟೀರಿಯಾ ಸ್ವಲ್ಪ ಕಾಲ ಬೆಳೆಯುತ್ತವೆ. ಅಷ್ಟರಲ್ಲಿ ಲ್ಯೂಕೋನೋಸ್ಟಾಕ್, ವೈಸೆಲ್ಲಾ ಥರದ ಬ್ಯಾಕ್ಟೀರಿಯಾ ಜೋಳದ ಸಕ್ಕರೆ ತಿಂದು ಹುಳಿ (ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲ) ಮಾಡಲು ಶುರು ಮಾಡುತ್ತವೆ, ಹುಳಿ ಏರಿದಂತೆ ಅವೂ ಕಡಿಮೆಯಾಗಿ, ಇನ್ನೂ ಜಾಸ್ತಿ ಹುಳಿ ತಡೆಯುವ ಲ್ಯಾಕ್ಟೋಬ್ಯಾಸಿಲಸ್ ಗುಂಪು ಮೇಲುಗೈ ಪಡೆಯುತ್ತದೆ. ಪಿಎಚ್ (ಹುಳಿ ಅಳೆಯುವ ಅಂಕಿ, ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 6ರಿಂದ 4ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಆಗ ಕೆಟ್ಟ ಬ್ಯಾಕ್ಟೀರಿಯಾಗಳ ಆಟ ನಿಲ್ಲುತ್ತದೆ.

ನಮ್ಮ ಕೊಡಗಿನಲ್ಲಿ ನನಗೆ ನಿಜವಾದ ಭಯ ಮಳೆಯದ್ದೇ. ಮೇವಿನಲ್ಲಿ ನೀರು ಬಿಟ್ಟು ಉಳಿಯುವ ಒಣ ಅಂಶ 30ರಿಂದ 35 ಶೇಕಡಾ ಇರಬೇಕು. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿದರೆ ಒದ್ದೆ ಜಾಸ್ತಿ ಅಂತ ಅರ್ಥ. ಅಂಥದ್ದರಲ್ಲಿ ಕ್ಲಾಸ್ಟ್ರಿಡಿಯಾ ಅನ್ನೋ ಕೆಟ್ಟ ಬ್ಯಾಕ್ಟೀರಿಯಾ ಸೇರಿಕೊಂಡು ಬ್ಯುಟಿರಿಕ್ ಆಮ್ಲ ಮಾಡುತ್ತವೆ, ಕಮಟು ಬೆಣ್ಣೆಯ ವಾಸನೆ ಬರುತ್ತದೆ, ಹಸು ಮೂತಿ ತಿರುಗಿಸುತ್ತದೆ.

ಆರು ವಾರ ಬಿಡಿ. ನಿಧಾನಕ್ಕೆ ಬರುವ ಬುಕ್ನೆರಿ ಅನ್ನೋ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲದ ಸ್ವಲ್ಪ ಭಾಗವನ್ನು ಅಸಿಟಿಕ್ ಆಮ್ಲ ಮಾಡುತ್ತದೆ, ಅದು ಯೀಸ್ಟನ್ನು ಹತೋಟಿಯಲ್ಲಿಡುತ್ತದೆ. ಬಾಯಿ ಬಿಚ್ಚಿದ ತಕ್ಷಣ ಗಾಳಿ ಹೊಕ್ಕು ಯೀಸ್ಟ್ ಮತ್ತೆ ಎದ್ದೇಳುತ್ತದೆ, ಲ್ಯಾಕ್ಟಿಕ್ ಆಮ್ಲವನ್ನೇ ತಿಂದು ಬಿಸಿ ಮಾಡುತ್ತದೆ, ಹಿಂದೆಯೇ ಬೂಸ್ಟು. ಹಾಗಾಗಿ ಆ ದಿನಕ್ಕೆ ಬೇಕಾದಷ್ಟು ಮಾತ್ರ ತೆಗೆದು, ಗಾಳಿ ಒತ್ತಿ ಹೊರಹಾಕಿ, ಬಾಯಿ ಬಿಗಿಯಾಗಿ ಕಟ್ಟಿಬಿಡಿ.