ಕಂಪನಿ ದುಡ್ಡಲ್ಲಿ ಪಿಎಚ್‌ಡಿ ಮಾಡಬಹುದಾ?

ದಾವಣಗೆರೆಯಲ್ಲಿ ಎಂ.ಟೆಕ್ ಮುಗಿಸಿದ್ದೀರಿ, ಕಾರ್ಬನ್ ಹಿಡಿಯುವ (ಕಾರ್ಖಾನೆ ಹೊಗೆಯಿಂದ ಕಾರ್ಬನ್ ಡೈಆಕ್ಸೈಡ್ ಬೇರ್ಪಡಿಸುವ) ತಂತ್ರಜ್ಞಾನದ ಮೇಲೆ ಪಿಎಚ್‌ಡಿ ಮಾಡಿದರೆ ಸಿಮೆಂಟ್ ಕಂಪನಿಯೊಂದು ಮೂರು ವರ್ಷ ದುಡ್ಡು ಕೊಡುತ್ತದೆ, ಒಪ್ಪಿಕೊಳ್ಳಲಾ ಅಂತ ಕೇಳಿದ್ದೀರಿ. ಒಪ್ಪಿಕೊಳ್ಳಿ ಸರ್, ಆದರೆ ಒಪ್ಪಂದ ಓದಿದ ಮೇಲೆ.

ವಿಷಯ ಗಟ್ಟಿಯಾಗಿದೆ. ಕಲ್ಲಿದ್ದಲು ಪೂರ್ತಿ ಬಿಟ್ಟರೂ ಸಿಮೆಂಟ್‌ನ ಕಾರ್ಬನ್ ತೊಂದರೆ ಮುಗಿಯುವುದಿಲ್ಲ, ಯಾಕೆಂದರೆ ಅದರ ಕಚ್ಚಾವಸ್ತು ಸುಣ್ಣದ ಕಲ್ಲು, 100 ಕೆಜಿ ಶುದ್ಧ ಕಲ್ಲು ಸುಟ್ಟರೆ ಆ ಕಲ್ಲಿನಿಂದಲೇ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯಲ್ಲಿ 2025ರಲ್ಲಿ ಶುರುವಾದ ಘಟಕ ವರ್ಷಕ್ಕೆ 4 ಲಕ್ಷ ಟನ್ ಹಿಡಿಯುವಷ್ಟು ದೊಡ್ಡದು.

ಅಮೈನ್ ದ್ರಾವಣದಲ್ಲಿ (ಕಾರ್ಬನ್ ಡೈಆಕ್ಸೈಡ್ ಹೀರುವ ರಾಸಾಯನಿಕ ದ್ರಾವಣ) ಅನಿಲ ಹಿಡಿಯುವುದು ಸುಲಭ, ಬಿಡಿಸುವುದೇ ಖರ್ಚು. ಸುಮಾರು 120 ಡಿಗ್ರಿಗೆ ಕಾಯಿಸಬೇಕು. ಜೊತೆಗೆ ಹೊಗೆಯಲ್ಲಿರುವ ಧೂಳು, ಗಂಧಕದ ಆಕ್ಸೈಡ್, ಆಮ್ಲಜನಕ ಸೇರಿ ದ್ರಾವಣವನ್ನೇ ಕೆಡಿಸುತ್ತವೆ. ಲ್ಯಾಬಿನ ಸಿಲಿಂಡರ್ ಗ್ಯಾಸ್‌ಗೂ ನಿಜವಾದ ಹೊಗೆಗೂ ಎಷ್ಟು ವ್ಯತ್ಯಾಸ ಅಂತ ನಮ್ಮೂರ ಮಂಡಕ್ಕಿ ಭಟ್ಟಿ ಪಕ್ಕ ನಿಂತವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಕಂಪನಿಯಿಂದ ನಿಮಗೆ ಸಿಗುವ ದೊಡ್ಡ ಲಾಭ ಆ ಚಿಮಣಿಯೇ, ದುಡ್ಡು ಆಮೇಲೆ. ಪ್ಲಾಂಟ್ ಒಳಗೆ ಬಿಡುತ್ತಾರೆ ಎನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಬಾಯಿಮಾತು ನಂಬಬೇಡಿ.

ಪೇಟೆಂಟ್ ಅರ್ಜಿ ಮೊದಲು, ಪೇಪರ್ ಆಮೇಲೆ. ಇದು ಸರಿಯೇ, ಆದರೆ ಕಂಪನಿ ನಿಮ್ಮ ಪೇಪರ್ ಓದಿ ಒಪ್ಪಿಗೆ ಕೊಡಲು ಇಷ್ಟೇ ದಿನ ಅಂತ ಗಡುವು ಇರಲಿ, ಇಲ್ಲದಿದ್ದರೆ ಸುಮ್ನೆ ಕೂರಿಸುತ್ತಾರೆ. ಪಿಎಚ್‌ಡಿ ನಾಲ್ಕೈದು ವರ್ಷಕ್ಕೆ ಹೋಗುವುದೇ ಜಾಸ್ತಿ, ಮೂರರ ನಂತರ ಸ್ಟೈಪೆಂಡ್ ಯಾರು ಕೊಡುತ್ತಾರೆ ಅಂತ ಗೈಡ್ ಹತ್ತಿರ ಈಗಲೇ ಕೇಳಿ. ಕಿಲ್ನ್ (ಸುಣ್ಣದ ಕಲ್ಲು ಸುಡುವ ಕುಲುಮೆ) ಯಾವ ತಿಂಗಳು ರಿಪೇರಿಗೆ ನಿಲ್ಲಿಸುತ್ತಾರೆ ಅಂತಲೂ ಕೇಳಿಡಿ, ಆಗ ಸ್ಯಾಂಪಲ್ ಸಿಗುವುದಿಲ್ಲ.