ಲಾಂಗ್ ರೈಡ್‌ನಲ್ಲಿ ಮೈ ನೋಯದಿರಲು ಬೈಕ್ ಮುಖ್ಯವೋ, ಓಡಿಸುವವರೋ?

ನಿಮ್ಮ ಹತ್ತಿರ ಇರುವುದು ರಾಯಲ್ ಎನ್‌ಫೀಲ್ಡ್‌ನ ಹಳೇ ಕ್ಲಾಸಿಕ್ 350. ಬೆಂಗಳೂರಿಂದ ಗೋವಾಕ್ಕೆ ಹೊರಟರೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ, ಅಂಗೈ ಜೋಮು ಹಿಡಿಯುತ್ತದೆ, ದೊಡ್ಡ ಬೈಕ್ ತಗೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಓಡಿಸುವವರೇ ಜಾಸ್ತಿ ಮುಖ್ಯ. ದುಡ್ಡು ಸುರಿಯುವ ಮೊದಲು ನೀವು ಕೂರುವ ರೀತಿ ನೋಡಿ.

ಜೋಮಿನಿಂದ ಶುರುಮಾಡೋಣ. ನಿಮ್ಮ ಬೈಕಿನ ವೈಬ್ರೇಶನ್ ಸುಳ್ಳಲ್ಲ. ಹಳೇ ಕ್ಲಾಸಿಕ್ ಎಂಜಿನ್‌ನಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲ, 2021ರಲ್ಲಿ ಬಂದ ಹೊಸದರಲ್ಲಿ ಇದೆ. ಆದರೆ ಆ ನಡುಕ ಮೊಣಕೈವರೆಗೂ ಹತ್ತುವುದು ನೀವು ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ. ಲಾರಿ ಪಕ್ಕದಲ್ಲಿ ಹೋದಾಗ, ಚಿತ್ರದುರ್ಗದ ಬಯಲಿನಲ್ಲಿ ಅಡ್ಡಗಾಳಿ ಹೊಡೆದಾಗ ನಮಗೇ ಗೊತ್ತಿಲ್ಲದೆ ಮುಷ್ಟಿ ಬಿಗಿಯಾಗುತ್ತದೆ. ಆಮೇಲೆ ಸಡಿಲ ಮಾಡುವುದೇ ಮರೆತುಹೋಗುತ್ತದೆ. ರಸ್ತೆ ಖಾಲಿ ಇದ್ದಾಗ ಒಂದ್ಸಲ ಹಿಡಿತ ಬಿಡದೆ ಬೆರಳುಗಳನ್ನು ಹಾರ್ಮೋನಿಯಂ ನುಡಿಸುವ ಹಾಗೆ ಆಡಿಸಿ ನೋಡಿ. ಆಗದಿದ್ದರೆ ಮೈಭಾರವೆಲ್ಲ ಕೈ ಮೇಲೆ ಬಿದ್ದಿದೆ ಅಂತಲೇ ಅರ್ಥ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಮೊಣಕೈ ಸ್ವಲ್ಪ ಬಾಗಿರಲಿ. ಸೊಂಟದ ನೋವೂ ಅರ್ಧ ಇದರಲ್ಲೇ ಇಳಿಯುತ್ತದೆ. ಹಂಪ್ ಅಥವಾ ಸೇತುವೆಯ ಜಾಯಿಂಟ್ ಬಂದಾಗ ಫುಟ್‌ಪೆಗ್ ಮೇಲೆ ಕಾಲು ಊರಿ ಸೀಟಿನಿಂದ ಒಂಚೂರು ಮೇಲೇಳಿ. ಇಲ್ಲದಿದ್ದರೆ ಆ ಹೊಡೆತ ನೇರ ಬೆನ್ನುಮೂಳೆಗೇ ಹೋಗುತ್ತದೆ.

ಸ್ಪೀಡ್ 80ರ ಆಸುಪಾಸಿನಲ್ಲಿರಲಿ. ಆ ಎಂಜಿನ್ 100ರಲ್ಲಿ ಖುಷಿಯಾಗಿ ಓಡುವುದಿಲ್ಲ, ಎದೆಗೆ ಹೊಡೆಯುವ ಗಾಳಿಯನ್ನು ತಡೆಯುವುದರಲ್ಲೇ ನಿಮ್ಮ ಕತ್ತೂ ಸೋಲುತ್ತದೆ. ನೋವು ಬಂದ ಮೇಲೆ ನಿಲ್ಲಿಸುವುದಲ್ಲ, ಬರುವ ಮೊದಲೇ ನಿಲ್ಲಿಸಬೇಕು. ಗಂಟೆ, ಒಂದೂವರೆ ಗಂಟೆಗೊಮ್ಮೆ ಇಳಿದು ನಡೆದಾಡಿ, ನೀರು ಕುಡಿಯಿರಿ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಖಂಡಿತ ತಿನ್ನಿ, ಆದರೆ ಒಂದೇ ತಿನ್ನಿ. ಹೊಟ್ಟೆ ಬಿರಿಯ ತಿಂದು ಮಧ್ಯಾಹ್ನದ ಬಿಸಿಲಿಗೆ ಹೊರಟರೆ ರಾಣೆಬೆನ್ನೂರು ದಾಟುವ ಮೊದಲೇ ಕಣ್ಣು ಎಳೆಯುತ್ತದೆ.

ಓಡಿಸುವವರ ಕೈಯಲ್ಲಿ ಎಷ್ಟಿದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಎಡ್ ಆಟೊ ಅನ್ನುವ ರೈಡರ್. ಅಮೆರಿಕದ ಐರನ್ ಬಟ್ ರ‍್ಯಾಲಿ ಅನ್ನುವ ದೂರದ ಬೈಕ್ ಸ್ಪರ್ಧೆ 11 ದಿನ ನಡೆಯುತ್ತದೆ, ದಿನಕ್ಕೆ 1,000 ಮೈಲಿಯ ಹತ್ತಿರ, ಅಂದರೆ ಸುಮಾರು 1,600 ಕಿ.ಮೀ. ಓಡಿಸಬೇಕು. 1995ರಲ್ಲಿ ಅವರು ಅದನ್ನು ಹೋಂಡಾ ಹೀಲಿಕ್ಸ್ ಅನ್ನುವ 250 ಸಿಸಿ ಸ್ಕೂಟರ್‌ನಲ್ಲಿ ಮುಗಿಸಿದರು!

ಹಾಗಂತ ಬೈಕ್ ಲೆಕ್ಕಕ್ಕಿಲ್ಲ ಅಂತಲ್ಲ. ನಿಮ್ಮ ಮೈ ಅಳತೆಗೆ ಹೊಂದದ ಬೈಕ್ ಇದ್ದರೆ ಯಾವ ಅಭ್ಯಾಸವೂ ಉಳಿಸುವುದಿಲ್ಲ. ಹ್ಯಾಂಡಲ್ ಹಿಡಿಯಲು ಮುಂದಕ್ಕೆ ಚಾಚಬೇಕಾಗಿ ಬಂದರೆ, ಮಂಡಿ ಜಾಸ್ತಿ ಮಡಚಿಕೊಂಡರೆ, 650 ಸಿಸಿ ಆದರೂ ಅಷ್ಟೇ. ಸೀಟ್ ವಿಷಯದಲ್ಲಂತೂ ಮೆತ್ತಗಿದ್ದರೆ ಒಳ್ಳೇದು ಅಂತ ನಂಬಬೇಡಿ. ಮೆತ್ತನೆ ಫೋಮ್ ಗಂಟೆ ಕಳೆದ ಮೇಲೆ ಒತ್ತಿಹೋಗುತ್ತದೆ, ಆಮೇಲೆ ನೀವು ಕೂತಿರುವುದು ಕೆಳಗಿನ ಗಟ್ಟಿ ತಳದ ಮೇಲೆ. ಸ್ವಲ್ಪ ಗಟ್ಟಿ, ಅಗಲ ಇರುವ ಸೀಟೇ ದೂರಕ್ಕೆ ಒಳ್ಳೆಯದು.

ಇನ್ನೊಂದು ವಿಷಯ, ಇದಕ್ಕೆ ಖರ್ಚೇ ಇಲ್ಲ. ನಿಮ್ಮ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಸ್ಪ್ರಿಂಗ್ ಬಿಗಿ ಮಾಡುವ 5 ಹಂತದ ಅಡ್ಜಸ್ಟ್‌ಮೆಂಟ್ ಇದೆ. ಹಿಂದೆ ಜನ, ಬ್ಯಾಗ್ ಎಲ್ಲ ಹೇರಿಕೊಂಡು ಹೊರಡುವಾಗ ಒಂದೆರಡು ಹಂತ ಏರಿಸಿ, ಒಬ್ಬರೇ ಹೋಗುವಾಗ ಇಳಿಸಿ. ಟೈರ್ ಗಾಳಿಯನ್ನೂ ಹಾಗೇ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ನೋವು ಹೋಗದಿದ್ದರೆ ಆಗ ಬೈಕ್ ಬದಲಿಸಿ. ಶೋರೂಮಿನ ಹತ್ತು ನಿಮಿಷದ ಟೆಸ್ಟ್ ರೈಡ್‌ನಲ್ಲಿ ಎಲ್ಲ ಸೀಟೂ ಚೆನ್ನಾಗೇ ಇರುತ್ತದೆ. ಗೆಳೆಯರದ್ದೋ ಬಾಡಿಗೆಯದ್ದೋ ತಗೊಂಡು ಅರ್ಧ ದಿನ ಓಡಿಸಿ ನೋಡಿ. ನಿಮ್ಮ ಎತ್ತರ ಎಷ್ಟು, ಹಿಂದೆ ಯಾರಾದರೂ ಕೂರುತ್ತಾರಾ ಅಂತ ಬರೆಯಿರಿ. ಹ್ಯಾಂಡಲ್ ಅನ್ನು ನಿಮ್ಮ ಅಳತೆಗೆ ಎಷ್ಟು ಹಿಂದೆ-ಮುಂದೆ ತಿರುಗಿಸಿ ಕೂರಿಸಬೇಕು ಅಂತ ಹೇಳುತ್ತೇನೆ.